ಬಿ.ಕಾಂ ಮುಗಿದಿದೆ, ಏರ್‌ಲೈನ್ ಕ್ರೂ ಶೆಡ್ಯೂಲಿಂಗ್‌ನಲ್ಲಿ ಆಫರ್ ಬಂದಿದೆ. ಎಂಬಿಎ ಸೇರುವವರೆಗೆ ಒಂದೆರಡು ವರ್ಷ ಆರಾಮಾಗಿ ಮಾಡಬಹುದಾ?

ನಾನೂ ಹಾಸನದಲ್ಲಿ ಬಿ.ಕಾಂ ಮುಗಿಸಿ ಇದೇ ಲೆಕ್ಕ ಹಾಕಿದ್ದೆ. ಎಸಿ ರೂಮು, ಕಂಪ್ಯೂಟರು, ಯಾವ ಪೈಲಟ್ ಯಾವ ವಿಮಾನಕ್ಕೆ ಅಂತ ಪಟ್ಟಿ ಮಾಡೋದು, ಅಷ್ಟೇ ಅಲ್ವಾ ಅಂತ. ಆದರೆ ತಿಂಗಳ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಮಾಡುವ ಪ್ಲಾನಿಂಗ್ ತಂಡವೇ ಬೇರೆ. ಅದು ಹೊರಬಿದ್ದ ಮೇಲೆ ಮಂಜು, ಮಳೆ, ಯಾರದೋ ಜ್ವರ, ತಡವಾದ ವಿಮಾನ ಎಲ್ಲವನ್ನೂ ಸರಿದೂಗಿಸುವುದು ಟ್ರ್ಯಾಕಿಂಗ್ ಡೆಸ್ಕ್. ನನ್ನನ್ನು ಹಾಕಿದ್ದು ಅಲ್ಲಿಗೆ, ರಾತ್ರಿ ಶಿಫ್ಟಿಗೆ.

ನನಗೆ ಏಟು ಕೊಟ್ಟ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಹೊಸಬರು ಇಲ್ಲೇ ಎಡವುತ್ತಾರೆ. ನಮ್ಮ ಸ್ಕ್ರೀನಿನಲ್ಲಿ ಸಮಯ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿರುತ್ತಿತ್ತು, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಆಗ ಪೈಲಟ್‌ಗೆ ವಾರಕ್ಕೊಮ್ಮೆ ಕನಿಷ್ಠ 36 ಗಂಟೆ ವಿಶ್ರಾಂತಿ ಕೊಡಬೇಕಿತ್ತು, ಅದರೊಳಗೆ ಎರಡು ‘ಲೋಕಲ್ ನೈಟ್’ ಬರಲೇಬೇಕಿತ್ತು. ಲೋಕಲ್ ನೈಟ್ ಅಂದರೆ ರಾತ್ರಿ 10ರಿಂದ ಬೆಳಗ್ಗೆ 8ರ ಒಳಗೆ ಪೂರ್ತಿ 8 ಗಂಟೆ. ಮಳೆಗೆ ಎಲ್ಲ ತಡವಾಗಿದ್ದ ದಿನ, ಒಬ್ಬ ಕ್ಯಾಪ್ಟನ್ ಡ್ಯೂಟಿ ಮುಗಿದಿದ್ದು ಸೋಮವಾರ ಮಧ್ಯರಾತ್ರಿ ಕಳೆದು 1 ಗಂಟೆಗೆ, ಅಂದರೆ ಮಂಗಳವಾರ ಬೆಳಗಿನ ಜಾವ. ಸ್ಕ್ರೀನಿನಲ್ಲಿ ಅದು ಸೋಮವಾರ 19:30. ಸಂಜೆಯೇ ಮನೆಗೆ ಹೋಗಿದ್ದಾರೆ ಅಂದುಕೊಂಡು ಆ ರಾತ್ರಿಯನ್ನೂ ಎಣಿಸಿಬಿಟ್ಟೆ. ಆದರೆ 1ರಿಂದ 8ಕ್ಕೆ ಏಳೇ ಗಂಟೆ, ಆ ರಾತ್ರಿ ಲೆಕ್ಕಕ್ಕೇ ಬರುವುದಿಲ್ಲ. 36 ಗಂಟೆ ಬುಧವಾರ ಮಧ್ಯಾಹ್ನ ಮುಗಿಯುತ್ತದೆ ನಿಜ, ಎರಡನೇ ರಾತ್ರಿ ಮುಗಿಯೋದು ಗುರುವಾರ ಬೆಳಗ್ಗೆ. ನಾನು ಬುಧವಾರ ಮಧ್ಯಾಹ್ನವೇ ಡ್ಯೂಟಿ ಹಾಕಿದೆ. ಸಾಫ್ಟ್‌ವೇರ್ ಕೆಂಪು ತೋರಿಸಿತು. ಅವತ್ತು ಸ್ಕ್ರೀನ್ ತುಂಬ ಕೆಂಪೇ ಇತ್ತು, ಇದೂ ಅಂಥದ್ದೇ ಅಂತ ಎಚ್ಚರಿಕೆ ಕಡೆಗಣಿಸಿ ಓವರ್‌ರೈಡ್ ಮಾಡಿದೆ. ಕ್ಯಾಪ್ಟನ್ ತಾವೇ ಲೆಕ್ಕ ಹಾಕಿ ಫೋನ್ ಮಾಡಿದರು. ಸ್ಟ್ಯಾಂಡ್‌ಬೈನಲ್ಲಿ (ತುರ್ತಿಗೆ ಕಾದಿರಿಸಿದ ಪೈಲಟ್‌ಗಳಲ್ಲಿ) ಯಾರೂ ಉಳಿದಿರಲಿಲ್ಲ. ಪ್ರಯಾಣಿಕರೆಲ್ಲ ಗೇಟಿನಲ್ಲಿ ಕಾದರು. ಆ ವರ್ಷ ಬರಬೇಕಿದ್ದ ಪ್ರಮೋಷನ್ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು, ದಣಿದ ಒಬ್ಬರನ್ನು ನಾನೇ ಕಾಕ್‌ಪಿಟ್‌ಗೆ ಕಳಿಸುತ್ತಿದ್ದೆ ಅನ್ನುವುದು.

2025ರ ಜುಲೈಯಿಂದ ಆ 36 ಗಂಟೆ 48 ಆಗಿದೆ. ನವೆಂಬರಿನಲ್ಲಿ ರಾತ್ರಿ ಲ್ಯಾಂಡಿಂಗ್ ನಿಯಮವೂ ಬಿಗಿಯಾಯಿತು. ಡಿಸೆಂಬರಿನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವಲ್ಲ, ಹೊಸ ನಿಯಮಕ್ಕೆ ತಕ್ಕಂತೆ ಪೈಲಟ್‌ಗಳ ಯೋಜನೆ ಆಗದೇ ಇದ್ದದ್ದು ಅದಕ್ಕೆ ದೊಡ್ಡ ಕಾರಣ. ಇಂಥ ಕೆಲಸವನ್ನು ಎಂಬಿಎಗೆ ಮುಂಚೆ ಸುಮ್ನೆ ಕಾಲ ಕಳೆಯಲು ಅಂತ ಸೇರುವುದಾದರೆ ದಯವಿಟ್ಟು ಬೇಡ. ಎಂಬಿಎ ಮೇಲಾ ಇದು ಮೇಲಾ ಅನ್ನೋ ತೂಕ ನಾನು ಹಾಕಲ್ಲ. ನಿಯಮ ಮೈಗೂಡುವುದಕ್ಕೇ ವರ್ಷ ಬೇಕು, ಅಷ್ಟರಲ್ಲಿ ನೀವು ಹೊರಟಿರುತ್ತೀರಿ. ಲಕ್ಷಗಟ್ಟಲೆ ಕೊಟ್ಟು ಏವಿಯೇಷನ್ ಡಿಪ್ಲೊಮಾ ಮಾಡುವುದೂ ಬೇಡ, ನಮ್ಮ ತಂಡದಲ್ಲಿ ಅದನ್ನು ಮಾಡಿ ಬಂದವರೂ ಎಲ್ಲ ಮೊದಲಿಂದ ಕಲಿತರು.

ಊರ ಹತ್ತಿರ ಇರಬಹುದು ಅನ್ನೋ ಆಸೆಯನ್ನೂ ಬಿಡಿ. ಇಂಡಿಗೋ, ಏರ್ ಇಂಡಿಯಾ ಎರಡರ ಮುಖ್ಯ ಕಚೇರಿಯೂ ಗುರುಗ್ರಾಮದಲ್ಲಿದೆ. ಹಾಸನಾಂಬೆ ಗುಡಿಯ ಬಾಗಿಲು ತೆರೆಯುವ ದಿನಗಳಲ್ಲೇ ನಮಗೆ ದೀಪಾವಳಿ ರಶ್. ರಜೆ ಸಿಗುವುದು ಕಷ್ಟ, ಅಮ್ಮ ಫೋನಿನಲ್ಲಿ ಕ್ಯೂ ಎಷ್ಟಿತ್ತು ಅಂತ ಹೇಳುತ್ತಾರೆ.

ಆಫರ್ ಕೊಟ್ಟವರನ್ನೇ ಯಾವ ಡೆಸ್ಕ್ ಅಂತ ಕೇಳಿ. ಟ್ರ್ಯಾಕಿಂಗ್ ಕೊಟ್ಟರೆ ಅದನ್ನೇ ತೆಗೆದುಕೊಳ್ಳಿ, ಪ್ಲಾನಿಂಗ್ ಆಮೇಲೆ. ವಿಮಾನಯಾನ ನಿಯಂತ್ರಕ ಡಿಜಿಸಿಎ ವೆಬ್‌ಸೈಟಿನಲ್ಲಿ ಎಫ್‌ಡಿಟಿಎಲ್ (ಸಿಬ್ಬಂದಿಯ ಹಾರಾಟ, ಡ್ಯೂಟಿ ಸಮಯದ ಮಿತಿ) ನಿಯಮ ಪುಕ್ಕಟೆ ಸಿಗುತ್ತದೆ, ಈ ವಾರವೇ ಓದಿ. ಓದುವಾಗ ‘ವಿಮಾನ ತಡವಾದರೆ ಈ ಲೆಕ್ಕ ಏನಾಗುತ್ತೆ’ ಅಂತ ನಿಮಗೇ ಪ್ರಶ್ನೆ ಹುಟ್ಟಿದರೆ ಆಫರ್‌ಗೆ ಸಹಿ ಹಾಕಿ.