ಸ್ವಂತ ಕರೆಂಟ್ ಇದ್ದರೂ ಲೆಕ್ಕ ಕೊಡಲೇಬೇಕು

ಕಾಗದ ಕಾರ್ಖಾನೆಗಳು ತಮ್ಮ ಕರೆಂಟನ್ನು ತಾವೇ ಉತ್ಪಾದಿಸಿಕೊಳ್ಳುತ್ತವೆ ಎಂದಾದರೆ ಇಂಧನ ಉಳಿತಾಯದ ನಿಯಮ ಅವಕ್ಕೇಕೆ ಎಂದು ಸದಾಶಿವಗಡದಿಂದ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ನಿಮ್ಮ ಸೇತುವೆಯಡಿ ಸಮುದ್ರ ಸೇರುವ ಕಾಳಿ ನದಿ ಹರಿದು ಬರುವುದೂ ದಾಂಡೇಲಿಯ ಕಾಗದ ಕಾರ್ಖಾನೆಯ ಪಕ್ಕದಿಂದಲೇ.

ಕರೆಂಟು ಎಲ್ಲಿಂದ ಬಂತು ಎಂಬುದಕ್ಕಿಂತ, ಒಂದು ಟನ್ ಸರಕಿಗೆ ಒಟ್ಟು ಎಷ್ಟು ಇಂಧನ ಖರ್ಚಾಯಿತು ಎಂಬುದನ್ನು ನಿಯಮ ನೋಡುತ್ತದೆ. 2012ರಲ್ಲಿ, ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಹಾಕಿಕೊಡುವ ಕೇಂದ್ರ ಸರ್ಕಾರದ ‘ಪ್ಯಾಟ್’ ಯೋಜನೆ ಆರಂಭವಾದಾಗಲೇ, ವರ್ಷಕ್ಕೆ 30,000 ಟನ್ ತೈಲಕ್ಕೆ ಸಮನಾದ ಅಥವಾ ಅದಕ್ಕಿಂತ ಹೆಚ್ಚು ಇಂಧನ ಬಳಸುವ ಕಾಗದ ಕಾರ್ಖಾನೆಗಳನ್ನು ಅದರೊಳಗೆ ತರಲಾಯಿತು.

ಮರದ ಚೂರುಗಳನ್ನು ಬೇಯಿಸಿ ನಾರು ತೆಗೆದ ಮೇಲೆ ಕಪ್ಪು ದ್ರಾವಣ ಉಳಿಯುತ್ತದೆ. ಅದನ್ನು ಗಟ್ಟಿಯಾಗಿಸಿ ರಿಕವರಿ ಬಾಯ್ಲರಿನಲ್ಲಿ ಸುಟ್ಟರೆ ಕರೆಂಟ್ ಉತ್ಪಾದನೆಗೆ ಬೇಕಾದ ಹಬೆಯೂ ಸಿಗುತ್ತದೆ, ಬೇಯಿಸಲು ಬಳಸಿದ ರಾಸಾಯನಿಕವೂ ಮರಳಿ ಬರುತ್ತದೆ. ಶಿರಸಿ ಕಡೆಯ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕಿ ಬೆಲ್ಲ ಕಾಯಿಸುವುದಿಲ್ಲವೇ, ಹಾಗೆ. ಆದರೆ ಒದ್ದೆ ಕಾಗದವನ್ನು ಬಿಸಿ ಉರುಳೆಗಳ ಮೇಲೆ ಒಣಗಿಸಲು ಅಪಾರ ಹಬೆ ಬೇಕು. ಸಾಮಾನ್ಯವಾಗಿ ಆ ಕೊರತೆ ತುಂಬುವುದು ಕಲ್ಲಿದ್ದಲು. ಮರದಿಂದ ಬಂದ ಇಂಗಾಲವನ್ನು ಹಸಿರುಮನೆ ಅನಿಲದ ಲೆಕ್ಕದಲ್ಲಿ ಬೇರೆ ಇಡುತ್ತಾರೆ, ಕಲ್ಲಿದ್ದಲಿಗೆ ಆ ರಿಯಾಯಿತಿ ಇಲ್ಲ.

ಹಾಗೆಂದು ಕಪ್ಪು ದ್ರಾವಣದ ಹೊಗೆ ನಿರಪಾಯಕಾರಿಯಲ್ಲ. ಅದರಲ್ಲಿ ದೂಳು, ಕೊಳೆತ ಮೊಟ್ಟೆಯಂತೆ ನಾರುವ ಗಂಧಕದ ಅನಿಲಗಳು ಇರಬಹುದು. ಅದಕ್ಕೆ 1981ರ ವಾಯು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು, ಚಿಮಣಿಯ ಮಾಪಕಗಳ ಅಂಕಿಗಳು ಆನ್‌ಲೈನಿನಲ್ಲಿ ನಿರಂತರವಾಗಿ ಮಂಡಳಿಗೆ ಹೋಗಬೇಕು. ಮಾಹಿತಿ ಹಕ್ಕಿನಡಿ ಆ ಸಮ್ಮತಿ ಪತ್ರದ ಪ್ರತಿ ಕೇಳಿ. ಯಾವ ಚಿಮಣಿಗೆ ಎಷ್ಟು ಮಿತಿ ಎಂಬುದು ಅದರಲ್ಲಿರುತ್ತದೆ.