ಹಬ್‌ಗಿಂತ ಮೊದಲು ಅಡಾಪ್ಟರ್ ನೋಡಿ

ಪ್ರಶ್ನೆ: ಮನೆಯ ಕಂಪ್ಯೂಟರ್‌ಗೆ ಕೀಬೋರ್ಡ್, ಮೌಸ್, ವೆಬ್‌ಕ್ಯಾಮ್, ಪ್ರಿಂಟರ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಎಲ್ಲ ಹಾಕಲು ಪೋರ್ಟ್ ಸಾಲದೆ ನಾಲ್ಕು ಪೋರ್ಟಿನ ಯುಎಸ್‌ಬಿ ಹಬ್ ತಂದೆವು. ಫೋಟೊ ಕಾಪಿ ಮಾಡುವಾಗ ಅರ್ಧದಲ್ಲೇ ಡಿಸ್ಕ್ ಮಾಯವಾಗುತ್ತದೆ. ಯಾವ ಹಬ್ ಕೊಳ್ಳಬೇಕು?
– ಓದುಗರು, ಮಲ್ಪೆ

ಉತ್ತರ: ಮೊದಲು ಡಿಸ್ಕನ್ನು ಹಬ್‌ನಿಂದ ತೆಗೆದು ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿ. ಅಲ್ಲಿ ಸರಿಯಾಗಿ ನಡೆದು, ಹಬ್‌ನಲ್ಲಿ ಮಾತ್ರ ತಿರುಗಲು ಹೊರಟು ‘ಟಿಕ್’ ಎಂದು ನಿಲ್ಲುತ್ತಿದ್ದರೆ ಡಿಸ್ಕ್ ಕೆಟ್ಟಿಲ್ಲ, ಅದಕ್ಕೆ ಕರೆಂಟ್ ಸಾಲುತ್ತಿಲ್ಲ. ನೇರ ಹಾಕಿದರೂ ಟಿಕ್ ಎನ್ನುತ್ತಿದ್ದರೆ ಇವತ್ತೇ ಫೋಟೊಗಳನ್ನು ಬೇರೆಡೆ ಉಳಿಸಿಕೊಳ್ಳಿ.

ಹಳೆಯ ತಲೆಮಾರಿನ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, ಅದರ ನಂತರದ 3.0 ಕೊಡುವುದು 900. ಅಡಾಪ್ಟರ್ ಇಲ್ಲದ ಹಬ್ ಇಷ್ಟನ್ನೇ ಎಲ್ಲರಿಗೂ ಹಂಚಬೇಕು. 2.5 ಇಂಚಿನ ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವ ಕ್ಷಣಕ್ಕೆ ಒಂದಕ್ಕೇ ಸುಮಾರು 1 ಆಂಪಿಯರ್ (1000 ಮಿಲಿಆಂಪಿಯರ್) ಬೇಕಾಗಬಹುದು. ವೆಬ್‌ಕ್ಯಾಮ್, ಕೀಬೋರ್ಡ್, ಮೌಸ್ ಸೇರಿಸಿದರೆ ನಿಮ್ಮ ಮನೆಯ ಲೆಕ್ಕ ಹೆಚ್ಚೆಂದರೆ 2 ಆಂಪಿಯರ್. ಪ್ರಿಂಟರ್‌ಗೆ ತನ್ನದೇ ಪ್ಲಗ್ ಇರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಹಾಗಾಗಿ ಅಡಾಪ್ಟರ್ ಜೊತೆಗೇ ಬರುವ ನಾಲ್ಕು ಪೋರ್ಟಿನ 3.0 ಹಬ್ ನಿಮಗೆ ಧಾರಾಳ. ಅಡಾಪ್ಟರಿನ ಮೇಲೆ ‘ಔಟ್‌ಪುಟ್’ ಸಾಲಿನಲ್ಲಿ 5 ವೋಲ್ಟ್ 4 ಆಂಪಿಯರ್ ಅಥವಾ 12 ವೋಲ್ಟ್ 2 ಆಂಪಿಯರ್ ಎಂದಿರಲಿ, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಲಿ. ಕೆಲವು ಹಬ್‌ಗಳಲ್ಲಿ ಅಡಾಪ್ಟರಿನ ಪಿನ್ ಚುಚ್ಚುವ ತೂತು ಮಾತ್ರ ಇರುತ್ತದೆ, ಡಬ್ಬಿಯಲ್ಲಿ ಅಡಾಪ್ಟರ್ ಇರುವುದಿಲ್ಲ. ಅಂಥದ್ದು ಬೇಡ. ಏಳು ಪೋರ್ಟಿನ ಹಬ್‌ಗೆ 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಟ್ಟಿದ್ದರೆ ಪೋರ್ಟ್ ಹೆಚ್ಚಿದ್ದೂ ಪ್ರಯೋಜನವಿಲ್ಲ.

ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಮರೆಯುವ ಸಂಗತಿ ಒಂದಿದೆ. ಕಂಪ್ಯೂಟರ್ ಯುಪಿಎಸ್‌ನಲ್ಲಿರುತ್ತದೆ, ಹಬ್‌ನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿರುತ್ತದೆ. ಮಳೆಗಾಲದಲ್ಲಿ ಗುಡುಗಿಗೆ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ನಡೆಯುತ್ತಿರುತ್ತದೆ, ಹಬ್ ಮಾತ್ರ ಸೋತು ಡಿಸ್ಕ್ ಬರೆಯುತ್ತಿದ್ದಲ್ಲೇ ಕಳಚಿಕೊಳ್ಳುತ್ತದೆ. ಫೈಲ್ ಕೆಡುವುದು ಆಗಲೇ. ಅಡಾಪ್ಟರನ್ನೂ ಯುಪಿಎಸ್‌ನ ಬ್ಯಾಟರಿ ಇರುವ ಸಾಕೆಟ್ಟಿಗೇ ಹಾಕಿ. 20–24 ವ್ಯಾಟ್ ಅದಕ್ಕೆ ದೊಡ್ಡ ಹೊರೆಯಲ್ಲ.

ಇನ್ನೊಂದು: ವೈಫೈ ರೌಟರಿನ 12 ವೋಲ್ಟ್ ಅಡಾಪ್ಟರಿನ ಪಿನ್ ಎಷ್ಟೋ ಸಲ 5 ವೋಲ್ಟ್ ಹಬ್‌ಗೂ ಸರಿಯಾಗಿ ಕೂರುತ್ತದೆ. ಅದಲುಬದಲಾದರೆ ಹಬ್ ಸುಡುತ್ತದೆ, ಹಾಕಿದ್ದ ಡಿಸ್ಕೂ ಹೋಗಬಹುದು. ಎರಡೂ ವಯರಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.

ಪ್ರಶ್ನೆ: ಅಡಾಪ್ಟರ್ ಇರುವ ಹಬ್ ಹಾಕಿದ ಮೇಲೆ ಕಂಪ್ಯೂಟರ್ ಆಫ್ ಮಾಡಿದರೂ ಅದರೊಳಗೊಂದು ದೀಪ ಉರಿಯುತ್ತಲೇ ಇದೆ. ಅಪಾಯವೇ?
– ಓದುಗರು, ಸುರತ್ಕಲ್

ಉತ್ತರ: ಕಂಪ್ಯೂಟರಿನ ಪ್ಲಗ್ ಕಿತ್ತು ಒಂದು ನಿಮಿಷ ಕಾಯಿರಿ, ಹಬ್‌ನ ಅಡಾಪ್ಟರ್ ಆನ್ ಇರಲಿ. ದೀಪ ಆರಿದರೆ ಅದು ಮದರ್‌ಬೋರ್ಡಿನದೇ (ಕಂಪ್ಯೂಟರಿನ ಮುಖ್ಯ ಬೋರ್ಡಿನದೇ) ಸ್ಟ್ಯಾಂಡ್‌ಬೈ ಕರೆಂಟ್, ಅಂದರೆ ಆಫ್ ಇದ್ದಾಗಲೂ ಹರಿಯುವ ಕರೆಂಟ್, ಚಿಂತೆ ಬೇಡ. ಬೇಡವೆನಿಸಿದರೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ಈ ಕರೆಂಟನ್ನು ತಗ್ಗಿಸುವ ‘ಇಆರ್‌ಪಿ’ ಆಯ್ಕೆ ಇದ್ದರೆ ಆನ್ ಮಾಡಿ. ಆರದೆ ಉರಿಯುತ್ತಿದ್ದರೆ, ಇಲ್ಲವೇ ಫ್ಯಾನ್ ಮಿಸುಕಿದರೆ, ಹಬ್ ತನ್ನ 5 ವೋಲ್ಟನ್ನು ಕಂಪ್ಯೂಟರಿಗೆ ಹಿಂದಕ್ಕೆ ತಳ್ಳುತ್ತಿದೆ ಎಂದರ್ಥ. ಅದನ್ನು ತಡೆಯುವ ಬಿಡಿಭಾಗವನ್ನು ಕೆಲವು ಅಗ್ಗದ ಹಬ್‌ಗಳಲ್ಲಿ ಹಾಕಿರುವುದಿಲ್ಲ. ಮದರ್‌ಬೋರ್ಡಿಗೆ ಇದು ಒಳ್ಳೆಯದಲ್ಲ. ಹಬ್ ವಾಪಸ್ ಕೊಡಿ. ಹೊಸ ಹಬ್ ತಂದ ದಿನವೇ ಈ ಪರೀಕ್ಷೆ ಮಾಡಿಬಿಟ್ಟರೆ ವಾಪಸಿನ ಅವಧಿ ಮೀರುವುದಿಲ್ಲ.

ಪ್ರಶ್ನೆ: ಹೊಸ 3.0 ಹಬ್ ಹಾಕಿದಾಗಿನಿಂದ ವೈರ್‌ಲೆಸ್ ಮೌಸ್ ತಡವರಿಸುತ್ತದೆ.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊರಡುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ. ಮೌಸ್ ಮಾತಾಡುವುದೂ ಅಲ್ಲೇ. ಮೌಸಿನ ರಿಸೀವರನ್ನು ಹಬ್‌ನಿಂದ ತೆಗೆದು ಕಂಪ್ಯೂಟರಿನ ಮುಂಭಾಗದ 2.0 ಪೋರ್ಟಿಗೆ ಹಾಕಿ. ಅಲ್ಲಿ ಜಾಗವಿಲ್ಲದಿದ್ದರೆ ಒಂದು ಮೀಟರ್ ಎಕ್ಸ್‌ಟೆನ್ಷನ್ ವಯರ್ ಹಾಕಿ ರಿಸೀವರನ್ನು ಮೌಸ್ ಪ್ಯಾಡಿನ ಪಕ್ಕಕ್ಕೆ ತನ್ನಿ.