ನಂಬರಿಲ್ಲದ ಕೋವಿ ಮಾರಬಹುದೇ?

ಕೋವಿ ಮಾರಾಟ, ವಾರಸುದಾರಿಕೆ, ರಿಪೇರಿ ಕುರಿತು ಬಂದ ಪ್ರಶ್ನೆಗಳನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಮಲೆನಾಡಿನವು, ಒಂದು ಅಮೆರಿಕದಿಂದ ಬಂದದ್ದು.

ಪ್ರಶ್ನೆ: ಅಟ್ಟದ ಮೇಲೆ ಅಜ್ಜನ ಕಾಲದ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಬಡಿದು ಹಾರಿಸುವ ಹಳೆಯ ಬಂದೂಕು) ಇದೆ. ಊರಿನ ಆಚಾರಿಯೇ ಮಾಡಿಕೊಟ್ಟದ್ದಂತೆ. ನಳಿಗೆಯ ಮೇಲೆ ಹೆಸರೂ ಇಲ್ಲ, ನಂಬರೂ ಇಲ್ಲ. ಲೈಸೆನ್ಸ್ ಇತ್ತೋ ಇಲ್ಲವೋ ಈಗಿನವರಿಗೆ ಗೊತ್ತಿಲ್ಲ. ಹಂದಿ ಕಾಟಕ್ಕೆಂದು ಪಕ್ಕದ ತೋಟದವರು ಕೇಳುತ್ತಿದ್ದಾರೆ. ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟು ಮಾರಬಹುದೇ? — ತೀರ್ಥಹಳ್ಳಿ

ಉತ್ತರ: ಮಾರುವಂತಿಲ್ಲ. ದುಡ್ಡು ಬೇಡವೆಂದು ಸುಮ್ಮನೆ ಕೊಟ್ಟರೂ ಅದು ವರ್ಗಾವಣೆಯೇ. ಸ್ಟಾಂಪ್ ಪೇಪರ್ ನಿಮ್ಮನ್ನು ಕಾಪಾಡುವುದಿಲ್ಲ. ಮಾರಿದ್ದು ನಾನೇ ಎಂದು ನಿಮ್ಮ ಕೈಯಾರೆ ಬರೆದುಕೊಟ್ಟಂತಾಗುತ್ತದೆ, ಅಷ್ಟೇ.

1959 ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ನಿಮಗೆ ಅಡ್ಡ ಬರುವ ಸೆಕ್ಷನ್‌ಗಳು ಮೂರು. ಸೆಕ್ಷನ್ 3 ರಂತೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಸೆಕ್ಷನ್ 5 ರಂತೆ ತಯಾರಿಕೆ, ಮಾರಾಟ, ವರ್ಗಾವಣೆ, ರಿಪೇರಿ ಎಲ್ಲಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ಸೆಕ್ಷನ್ 8 ರ ಎರಡನೇ ಉಪವಿಧಿ ತಯಾರಕರ ಹೆಸರು, ನಂಬರು ಅಥವಾ ಮಾನ್ಯವಾದ ಗುರುತು ಇಲ್ಲದ ಬಂದೂಕನ್ನು ಯಾರೂ ಮಾರಬಾರದು ಎನ್ನುತ್ತದೆ. ಅಂದರೆ ಪಕ್ಕದವರ ಬಳಿ ಲೈಸೆನ್ಸ್ ಇದ್ದರೂ ಈ ಕೋವಿ ಕೈ ಬದಲಾಗುವಂತಿಲ್ಲ. ಆಚಾರಿಯನ್ನು ಕರೆಸಿ ಈಗ ಒಂದು ನಂಬರು ಕೊರೆಸಿದರಾಯಿತು ಎಂದು ಸಲಹೆ ಕೊಡುವವರು ಇರುತ್ತಾರೆ. ಅದು ಸುಳ್ಳು ಗುರುತು ಸೃಷ್ಟಿಸಿದ ಇನ್ನೊಂದು ಅಪರಾಧ.

ಶಿಕ್ಷೆಯೂ ಹಳೆಯ ಲೆಕ್ಕದ್ದಲ್ಲ. 2019 ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆ ಮತ್ತು ಮಾರಾಟಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಲೈಸೆನ್ಸಿಲ್ಲದೆ ಸಾಮಾನ್ಯ ಬಂದೂಕು ಇಟ್ಟುಕೊಂಡದ್ದಕ್ಕೆ 2 ರಿಂದ 5 ವರ್ಷ. ಎರಡಕ್ಕೂ ದಂಡ ಪ್ರತ್ಯೇಕ.

‘ಇದು ಪುರಾತನ ವಸ್ತು, ಕಾಯ್ದೆ ತಾಗುವುದಿಲ್ಲ’ ಎಂಬ ವಾದ ಮಲೆನಾಡಿನಲ್ಲಿ ಧಾರಾಳವಾಗಿ ಓಡಾಡುತ್ತದೆ. ಸೆಕ್ಷನ್ 45 ರಲ್ಲಿ ಹಾಗೊಂದು ವಿನಾಯಿತಿ ಇರುವುದು ನಿಜ. ಆದರೆ ರಿಪೇರಿ ಮಾಡಿಯೂ ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಅದು ಸಿಗುತ್ತದೆ. ಕುದುರೆ (ಕೇಪಿನ ಮೇಲೆ ಬೀಳುವ ಭಾಗ) ಎಳೆದರೆ ಬಡಿಯುವ, ನಳಿಗೆ ಗಟ್ಟಿಯಿರುವ ಕೇಪಿನ ಕೋವಿಗೆ ನೂರು ವರ್ಷವಾಗಿದ್ದರೂ ಅದು ಬಂದೂಕೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಅಜ್ಜನ ಹಳೆಯ ಕಾಗದದ ಕಟ್ಟಿನಲ್ಲಿ ಲೈಸೆನ್ಸ್ ಪುಸ್ತಕ ಹುಡುಕಿ, ತಾಲ್ಲೂಕು ಮತ್ತು ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಜ್ಜನ ಹೆಸರಿಗೆ ದಾಖಲೆ ಇದೆಯೇ ಎಂದು ವಿಚಾರಿಸಿ. ಒಂದು ಕಾಲಕ್ಕೆ ಲೈಸೆನ್ಸ್ ಇದ್ದು ಆಮೇಲೆ ತಪ್ಪಿಹೋಗಿದ್ದರೆ ಸೆಕ್ಷನ್ 21 ನಿಮ್ಮ ಪರವಾಗಿದೆ: ಯಾವ ಕಾರಣಕ್ಕಾದರೂ ಸ್ವಾಧೀನ ಅಕ್ರಮವಾದಾಗ ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರರಲ್ಲೋ ಠೇವಣಿ ಇಡಬೇಕು. ಲೈಸೆನ್ಸ್ ಎಂದೂ ಇರಲೇ ಇಲ್ಲ ಎಂದಾದರೆ ವಿಷಯ ನಾಜೂಕು. ತಾನಾಗಿ ಒಪ್ಪಿಸಿದವರಿಗೆ ಕ್ಷಮೆ ಎಂಬ ವಾಕ್ಯ ಕಾಯ್ದೆಯಲ್ಲಿಲ್ಲ. ಆದರೆ ಸೆಕ್ಷನ್ 3 ರ ಅಪರಾಧಕ್ಕೆ ಮೊಕದ್ದಮೆ ಹೂಡಲು ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ಜಿಲ್ಲಾಧಿಕಾರಿಯ, ಪೂರ್ವಾನುಮತಿ ಬೇಕು ಎಂದು ಸೆಕ್ಷನ್ 39 ಹೇಳುತ್ತದೆ. ಆದ್ದರಿಂದ ವಕೀಲರ ಮೂಲಕ ಮೊದಲು ಜಿಲ್ಲಾಧಿಕಾರಿಗೆ ಲಿಖಿತ ಪತ್ರ ಕೊಡಿ. ಅಟ್ಟದಲ್ಲಿ ಸಿಕ್ಕ ಸಂದರ್ಭ, ಒಪ್ಪಿಸುವ ಇಚ್ಛೆ, ಕೋವಿಯ ವಿವರ ಅದರಲ್ಲಿರಲಿ. ಸ್ವೀಕೃತಿ ಪಡೆದುಕೊಳ್ಳಿ. ಕೋವಿಯನ್ನು ನೀವೇ ಜೀಪಿನಲ್ಲಿಟ್ಟು ಠಾಣೆಗೆ ಹೊರಡಬೇಡಿ. ದಾರಿಯಲ್ಲಿ ತಪಾಸಣೆ ಆದರೆ ನಿಮ್ಮ ಸದುದ್ದೇಶಕ್ಕೆ ಸಾಕ್ಷಿ ಇರುವುದಿಲ್ಲ. ಪೊಲೀಸರೇ ಬಂದು ಮಹಜರು ಮಾಡಿ ಒಯ್ಯಲಿ, ರಸೀದಿ ಕೊಡಲಿ.

ಕಾನೂನಿಗಿಂತ ಮೊದಲು ನೋಡಬೇಕಾದ ಒಂದು ಮಾತಿದೆ. ಕೇಪಿನ ಕೋವಿಯಲ್ಲಿ ಮದ್ದು, ಚಿಲ್ಲು ಬಾಯಿಯಿಂದಲೇ ತುಂಬುವುದರಿಂದ ಒಳಗೆ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಒಣಗಿದ ಕರಿಮದ್ದು ದಶಕಗಳಾದರೂ ಸಾಯುವುದಿಲ್ಲ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ, ನೀವೂ ಅದರ ಎದುರಿಗೆ ಬಾರದಂತೆ ಪಕ್ಕದಲ್ಲಿ ನಿಂತು, ತೆಳ್ಳನೆಯ ಮರದ ಕಡ್ಡಿಯನ್ನು ಮೆಲ್ಲಗೆ ಇಳಿಬಿಡಿ. ನಿಂತಲ್ಲಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಕಡ್ಡಿಯನ್ನು ತೆಗೆದು ನಳಿಗೆಯ ಹೊರಗೆ ಹಿಡಿದು ನೋಡಿ. ತುದಿ ಕೇಪು ಕೂರುವ ಮೊಲೆಯ ಹತ್ತಿರಕ್ಕೆ ಬಂದರೆ ಸಾಮಾನ್ಯವಾಗಿ ಖಾಲಿ. ಎರಡು ಮೂರು ಇಂಚು ಹಿಂದೆಯೇ ನಿಂತರೆ ತುಂಬಿದೆ ಎಂದೇ ತಿಳಿಯಿರಿ. ಆಗ ಕುಟ್ಟುವುದು, ಕೆದಕುವುದು, ಬಿಸಿಲಿಗಿಡುವುದು ಯಾವುದೂ ಬೇಡ. ಠಾಣೆಗೆ ಹೇಳುವಾಗ ‘ತುಂಬಿದ ಸ್ಥಿತಿಯಲ್ಲಿದೆ’ ಎಂದು ತಪ್ಪದೆ ಹೇಳಿ.

ಪಕ್ಕದ ತೋಟದವರಿಗೆ ಬೇರೆ ದಾರಿ ಇದೆ. ಬೆಳೆ ರಕ್ಷಣೆಗೆಂದು ಕೇಪಿನ ಕೋವಿಗೆ ಲೈಸೆನ್ಸ್ ಕೊಡಲು ಸೆಕ್ಷನ್ 13 ರಲ್ಲೇ ಅವಕಾಶವಿದೆ. ಪಹಣಿ ಇಟ್ಟು ಅವರು ಸ್ವಂತ ಅರ್ಜಿ ಹಾಕಲಿ, ಲೈಸೆನ್ಸ್ ಬಂದ ಮೇಲೆ ಅಧಿಕೃತ ಡೀಲರರಿಂದ ಕೊಳ್ಳಲಿ. ಲೈಸೆನ್ಸ್ ಸಿಕ್ಕಿತೆಂದು ಹಂದಿ ಹೊಡೆಯಬಹುದು ಎಂದಲ್ಲ. ಅದಕ್ಕೆ 1972 ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ.

ಪ್ರಶ್ನೆ: ನನ್ನ 12 ಬೋರಿನ ಒಂಟಿ ನಳಿಗೆಗೆ ಲೈಸೆನ್ಸ್ ಸರಿಯಾಗಿದೆ, ನಂಬರೂ ಇದೆ. ಲೈಸೆನ್ಸ್ ಇರುವ ಸ್ನೇಹಿತರಿಗೆ ಮಾರುವ ಕ್ರಮ ಹೇಗೆ? — ಮೂಡಿಗೆರೆ

ಉತ್ತರ: ಸ್ವಂತ ಬಳಕೆಯ ಬಂದೂಕನ್ನು ಅರ್ಹರಿಗೆ ಮಾರಲು ಡೀಲರ್ ಲೈಸೆನ್ಸ್ ಬೇಕಿಲ್ಲ. ಆದರೆ ಸೆಕ್ಷನ್ 5 ರ ಎರಡನೇ ಉಪವಿಧಿಯಂತೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಮಾರುವ ಉದ್ದೇಶವನ್ನು, ಕೊಳ್ಳುವವರ ಹೆಸರು ವಿಳಾಸವನ್ನು ಬರೆದು ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಳೆಯಬೇಕು. ನಮ್ಮ ಸಲಹೆ, ಈ ಇಬ್ಬರು ಅಧಿಕಾರಿಗಳಿಗೂ ಪ್ರತಿ ಕೊಡಿ. ಪತ್ರದಲ್ಲಿ ಬಂದೂಕಿನ ತಯಾರಕರ ಹೆಸರು, ನಂಬರು, ಬೋರು, ಮಾರುವ, ಕೊಳ್ಳುವ ಇಬ್ಬರ ಲೈಸೆನ್ಸ್ ಸಂಖ್ಯೆ ಮತ್ತು ಯುಐಎನ್ (ಲೈಸೆನ್ಸುದಾರರ ವಿಶಿಷ್ಟ ಗುರುತಿನ ಸಂಖ್ಯೆ) ಇರಲಿ. 45 ದಿನ ಎಣಿಸುವುದು ಸ್ವೀಕೃತಿ ಮುದ್ರೆಯ ತಾರೀಖಿನಿಂದ, ನೀವು ಪತ್ರ ಬರೆದ ದಿನದಿಂದಲ್ಲ.

ಕೆಡುವುದು ಎಲ್ಲಿ ಎಂದರೆ, ಮುಂಗಡ ಇಸಕೊಂಡು ‘ಹೇಗೂ ನಿಮ್ಮದೇ ಆಗುತ್ತದಲ್ಲ’ ಎಂದು ಆ ದಿನವೇ ಕೋವಿ ಕೊಟ್ಟುಬಿಡುವಲ್ಲಿ. ಸ್ನೇಹಿತರ ಲೈಸೆನ್ಸಿನಲ್ಲಿ ಆ ನಂಬರು ಏರುವ ತನಕ ಅದು ಅವರ ಕೈಯಲ್ಲಿ ಅಕ್ರಮ. ಅವರ ಲೈಸೆನ್ಸ್ ಯಾವ ಬಗೆಯ ಆಯುಧಕ್ಕೆ ಎಂಬುದನ್ನೂ ಓದಿ ನೋಡಿ. ರಿವಾಲ್ವರಿನ ಲೈಸೆನ್ಸ್ ತೋರಿಸಿ 12 ಬೋರ್ ಕೊಳ್ಳಲಾಗದು. ಅವರ ಬಳಿ ಈಗಾಗಲೇ ಎರಡು ಇದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಹಿಂದೆ ಮೂರಿದ್ದ ಮಿತಿಯನ್ನು 2019 ರ ತಿದ್ದುಪಡಿ ಎರಡಕ್ಕೆ ಇಳಿಸಿದೆ. ಉಳಿದ ತೋಟಾಗಳನ್ನು ಜೊತೆಗೆ ದಾಟಿಸಬೇಡಿ, ಅವಕ್ಕೂ ಇದೇ ನಿಯಮ. ಕೊನೆಗೆ ನಿಮ್ಮ ಲೈಸೆನ್ಸಿನಿಂದ ನಂಬರು ತೆಗೆಸಿಕೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಚುನಾವಣೆ ಬಂದಾಗಲೆಲ್ಲ ಠೇವಣಿ ಇಡಿ ಎಂಬ ನೋಟಿಸು ನಿಮ್ಮ ಮನೆಗೇ ಬರುತ್ತದೆ.

ಪ್ರಶ್ನೆ: ತಂದೆ ತೀರಿಕೊಂಡರು. ಅವರ ಜೋಡು ನಳಿಗೆ ಮನೆಯಲ್ಲಿದೆ. ಮೂವರು ಮಕ್ಕಳು. ಯಾರ ಹೆಸರಿಗೆ ಮಾಡಿಸಬಹುದು? — ಸಕಲೇಶಪುರ

ಉತ್ತರ: ಆಸ್ತಿಯ ಹಾಗೆ ಇದು ತಾನಾಗಿ ಇಳಿದು ಬರುವುದಿಲ್ಲ. ಲೈಸೆನ್ಸ್ ತಂದೆಯವರ ಜೊತೆಗೇ ಮುಗಿಯಿತು. ಮೊದಲು ಠಾಣೆಯಲ್ಲೋ ಡೀಲರರಲ್ಲೋ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳಿ. 2016 ರ ಶಸ್ತ್ರಾಸ್ತ್ರ ನಿಯಮಗಳ 25 ನೇ ನಿಯಮದಡಿ ವಾರಸುದಾರರೊಬ್ಬರು ಹೊಸ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಮರಣ ಪತ್ರ, ವಾರಸುದಾರರ ಪತ್ರ, ಉಳಿದಿಬ್ಬರ ಒಪ್ಪಿಗೆ ಪತ್ರ, ತಂದೆಯವರ ಲೈಸೆನ್ಸ್ ಪ್ರತಿ, ಠೇವಣಿ ರಸೀದಿ ಜೊತೆಗಿರಲಿ. ಅರ್ಜಿದಾರರಿಗೆ 21 ತುಂಬಿರಬೇಕು. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ನಗರದಲ್ಲಿ ಪೊಲೀಸ್ ಕಮಿಷನರ್ ಲೈಸೆನ್ಸ್ ಪ್ರಾಧಿಕಾರ. ಯಾರಿಗೂ ಬೇಡವಾದರೆ ಠೇವಣಿಯಲ್ಲಿದ್ದಾಗಲೇ ಅರ್ಹರಿಗೆ ಮಾರುವ ಹಕ್ಕು ನಿಮಗಿದೆ. ನಿಗದಿತ ಅವಧಿ ಮೀರಿದರೆ ಅದು ಸರ್ಕಾರದ್ದಾಗುತ್ತದೆ, ತಡ ಮಾಡಬೇಡಿ.

ತಂದೆ ತಾಯಿ ಬದುಕಿರುವವರಿಗೂ ಒಂದು ಮಾತು: ಲೈಸೆನ್ಸುದಾರರಿಗೆ 70 ತುಂಬಿದ್ದರೆ ಅಥವಾ ಬಂದೂಕು 25 ವರ್ಷದಿಂದ ಅವರ ಬಳಿ ಇದ್ದರೆ, ಅವರೇ ಸೂಚಿಸಿದ ವಾರಸುದಾರರಿಗೆ ಈಗಲೇ ಲೈಸೆನ್ಸ್ ಕೇಳಬಹುದು. ಇದು ಎಷ್ಟೋ ಮೇಲು.

ಪ್ರಶ್ನೆ: ನಮಗೆ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು ಹಿಡುವಳಿ) ವಿನಾಯಿತಿ ಇದೆ. ಕೋವಿ ಮಾಡಿಸಿಕೊಳ್ಳಬಹುದೇ, ಮೈಸೂರಿನವರಿಗೆ ಮಾರಬಹುದೇ? — ವಿರಾಜಪೇಟೆ

ಉತ್ತರ: ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. 2019 ರಲ್ಲಿ ಕೇಂದ್ರ ಅದನ್ನು 2029 ರ ಅಕ್ಟೋಬರ್ 31 ರವರೆಗೆ ವಿಸ್ತರಿಸಿತು, 2021 ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ತಯಾರಿಕೆಯ ಪರವಾನಗಿಯಲ್ಲ. ಕೊಳ್ಳುವ ಮೈಸೂರಿನವರಿಗೆ ನಿಮ್ಮ ವಿನಾಯಿತಿ ದಾಟುವುದೂ ಇಲ್ಲ. ಅವರಿಗೆ ಲೈಸೆನ್ಸ್, ಕೋವಿಗೆ ನಂಬರು, ಜಿಲ್ಲಾಧಿಕಾರಿಗೆ ಮುಂಚಿತ ಪತ್ರ ಮೂರೂ ಬೇಕು.

ಪ್ರಶ್ನೆ: ಲೇತ್ ವರ್ಕ್‌ಶಾಪ್ ಇದೆ. ಪರಿಚಿತರು ಕುದುರೆ, ಸ್ಪ್ರಿಂಗು ಮುರಿದ ಕೋವಿ ತರುತ್ತಾರೆ. ಬರೀ ಬಿಡಿಭಾಗ ಮಾಡಿಕೊಟ್ಟರೆ ತೊಂದರೆಯೇ? — ಶಿರಸಿ

ಉತ್ತರ: ತೊಂದರೆಯೇ. ಕಾಯ್ದೆಯ ವ್ಯಾಖ್ಯೆಯಲ್ಲಿ ಬಿಡಿಭಾಗವೂ, ಬಂದೂಕು ತಯಾರಿಸುವ ಯಂತ್ರವೂ ಸೇರಿದೆ. ರಿಪೇರಿ ತಯಾರಿಕೆಯ ಸಾಲಿನಲ್ಲೇ ಇದೆ, ಶಿಕ್ಷೆಯ ತೂಕವೂ ಅದೇ. ತಂದವರ ಲೈಸೆನ್ಸ್ ನಿಮಗೆ ರಕ್ಷಣೆಯಲ್ಲ. ರಿಪೇರಿ ಲೈಸೆನ್ಸ್ ಇರುವ ಅಂಗಡಿಗೆ ಕಳಿಸಿ.

ಪ್ರಶ್ನೆ: ಡಲ್ಲಾಸಿನಲ್ಲಿ ಎಚ್-1ಬಿ ವೀಸಾದಲ್ಲಿದ್ದೇನೆ. ಸಹೋದ್ಯೋಗಿ ಮನೆಯಲ್ಲೇ ಜೋಡಿಸಿದ, ಸೀರಿಯಲ್ ನಂಬರಿಲ್ಲದ ರೈಫಲ್ ಮಾರುತ್ತೇನೆ ಎನ್ನುತ್ತಿದ್ದಾರೆ. ಇಲ್ಲಿ ಇದು ಕಾನೂನುಬದ್ಧ ಎನ್ನುತ್ತಾರೆ. ನಿಜವೇ?

ಉತ್ತರ: ಅವರ ಮಟ್ಟಿಗೆ ಅರ್ಧ ನಿಜ, ನಿಮ್ಮ ಮಟ್ಟಿಗೆ ಪೂರ್ತಿ ತಪ್ಪು.

ಅಮೆರಿಕದ ಫೆಡರಲ್ ಕಾನೂನಿನಲ್ಲಿ, ಬಂದೂಕು ಹೊಂದಲು ನಿಷೇಧವಿಲ್ಲದ ವ್ಯಕ್ತಿ ಸ್ವಂತಕ್ಕೆಂದು ಸಾಮಾನ್ಯ ರೈಫಲ್ ಮಾಡಿಕೊಳ್ಳಲು ಲೈಸೆನ್ಸ್ ಬೇಡ. ಆಮೇಲೆ ಯಾವಾಗಲೋ ಮನಸ್ಸು ಬದಲಾಗಿ ಅದನ್ನು ತನ್ನ ರಾಜ್ಯದವರಿಗೆ ಮಾರಿದರೆ ಅದಷ್ಟೇ ಫೆಡರಲ್ ಅಪರಾಧವಲ್ಲ. ಮಾರಲೆಂದೇ ಮಾಡಿದರೆ, ಲಾಭಕ್ಕಾಗಿ ಮತ್ತೆ ಮತ್ತೆ ಮಾರಿದರೆ ಅದು ಲೈಸೆನ್ಸಿಲ್ಲದ ವ್ಯಾಪಾರ. ಬೇರೆ ರಾಜ್ಯದವರಿಗಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. ನಂಬರಿಲ್ಲದ ಬಂದೂಕು ಡೀಲರರ ದಾಖಲೆಗೆ ಸೇರಿದರೆ ಅವರು 7 ದಿನದೊಳಗೆ, ಅಥವಾ ಮುಂದೆ ದಾಟಿಸುವ ಮೊದಲು, ಯಾವುದು ಮೊದಲೋ ಅಷ್ಟರಲ್ಲಿ, ನಂಬರು ಕೆತ್ತಬೇಕು. ಇದು 2022 ರ ಆಗಸ್ಟಿನಿಂದ ಜಾರಿಯಲ್ಲಿರುವ ನಿಯಮಾವಳಿ. ಅದೇ ನಿಯಮಾವಳಿ ಸುಲಭವಾಗಿ ಬಂದೂಕಾಗಿ ಜೋಡಿಸಬಹುದಾದ ಬಿಡಿಭಾಗಗಳ ಕಿಟ್‌ಗಳನ್ನೂ ಬಂದೂಕೆಂದು ಪರಿಗಣಿಸುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025 ರ ಮಾರ್ಚ್ 26 ರಂದು 7–2 ರಿಂದ ಎತ್ತಿಹಿಡಿದಿದೆ. ರಾಜ್ಯಗಳು ಇದಕ್ಕಿಂತ ಬಿಗಿ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಮಾಡುವ ಮೊದಲೇ ರಾಜ್ಯದಿಂದ ನಂಬರು ಪಡೆಯಬೇಕು, ಸ್ವತಃ ಮಾಡಿದ್ದನ್ನು ಮಾರುವಂತಿಲ್ಲ.

ಈಗ ನಿಮ್ಮ ವಿಷಯ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲವೂ ವಲಸೆಯಲ್ಲದ ವೀಸಾಗಳು. ಇಂಥ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಶಿಕ್ಷೆ 15 ವರ್ಷದವರೆಗೆ. ಟೆಕ್ಸಸ್ ಎಷ್ಟು ಉದಾರವಾದರೂ ಇದು ಬದಲಾಗದು. ಮುಖ್ಯ ವಿನಾಯಿತಿ ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ವಾರಾಂತ್ಯದಲ್ಲಿ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೊ ಹಾಕುವ ನಮ್ಮ ಹುಡುಗರು ಇದನ್ನು ಗಮನಿಸಬೇಕು, ಕೈಯಲ್ಲಿ ಹಿಡಿದರೂ ಅದು ಸ್ವಾಧೀನವೇ. ನಿಮ್ಮ ವೀಸಾ ಗೊತ್ತಿದ್ದೂ ಮಾರಿದರೆ ಸಹೋದ್ಯೋಗಿಯೂ ಸಿಕ್ಕಿಬೀಳುತ್ತಾರೆ. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಅದೇ ಪ್ರತ್ಯೇಕ ಕಾರಣ. ಗ್ರೀನ್ ಕಾರ್ಡ್ ಬಂದ ಮೇಲೆ ಈ ನಿಷೇಧ ಇರುವುದಿಲ್ಲ. ಆಗಲೂ ಡೀಲರರಿಂದ ನಂಬರಿರುವುದನ್ನೇ ಕೊಳ್ಳಿ.

ಪ್ರಶ್ನೆ: ಮಂಗ ಓಡಿಸಲು ಏರ್ ಗನ್ ತಂದರೆ ಲೈಸೆನ್ಸ್ ಬೇಕೇ? — ಸಾಗರ

ಉತ್ತರ: 0.177 ಇಂಚು ಬೋರಿನೊಳಗೆ, 20 ಜೂಲ್ ಶಕ್ತಿಯೊಳಗೆ ಇದ್ದರೆ ಬೇಡ. ಅದಕ್ಕಿಂತ ದೊಡ್ಡದಾದರೆ ಬೇಕು. ಬಿಲ್ಲಿನ ಮೇಲೆ ಎರಡೂ ಅಂಕಿ ಬರೆಸಿಕೊಳ್ಳಿ. ಮಂಗನಿಗೆ ಗುಂಡು ತಾಗಿಸಬೇಡಿ, ಅಲ್ಲಿ ಅರಣ್ಯ ಇಲಾಖೆಯ ಕಾನೂನು ಶುರುವಾಗುತ್ತದೆ.